ಹೈದರಾಬಾದಿನಿಂದ ವಾಪಸು ಬಂದ ಅಂಟಿನ ಉಂಡಿ

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ದುಬೈಯಲ್ಲಿರುವ ಅಕ್ಕನಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಅವ್ವನೇ ಹೋಗಬೇಕಿತ್ತು, ಆದರೆ ಅವಳಿಗೆ ಪಾಸ್‌ಪೋರ್ಟ್ ಇರಲಿಲ್ಲ. ನನ್ನದನ್ನು ಎಂ.ಎಸ್ಸಿ. ಓದುವಾಗಲೇ ಮಾಡಿಸಿ ಬೀರುವಿನಲ್ಲಿಟ್ಟಿದ್ದೆ. ಹಾಗಾಗಿ, ಹೈದರಾಬಾದಿನ ಆಚೆ ಎಲ್ಲಿಯೂ ಒಬ್ಬಳೇ ಹೋಗದ ನಾನು ವಾಡಿಯಿಂದ ದುಬೈಗೆ ಹೊರಟೆ.

ತಿಳಿದುಕೊಳ್ಳಬೇಕಾದುದನ್ನೆಲ್ಲ ತಿಳಿದುಕೊಂಡಿದ್ದೇನೆ ಎಂದೇ ನಂಬಿದ್ದೆ. ಚೀಲದ ತೂಕವನ್ನು ಮನೆಯಲ್ಲೇ ನೋಡಿದ್ದೆ. ಅವ್ವ ಮಾತ್ರ ತನ್ನ ಪಾಡಿಗೆ ತಾನು ಅಂಟಿನ ಉಂಡಿ ಕಟ್ಟುತ್ತಿದ್ದಳು. ಒಣಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಹುರಿದ ಅಂಟು, ಬೆಲ್ಲ, ಗಸಗಸೆ. ನಮ್ಮ ಕಡೆ ಬಾಣಂತಿಗೆ ಇದಿಲ್ಲದೆ ನಡೆಯುವುದಿಲ್ಲ. ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಟ್ಟು, "ಒಳಗ ಏನದಂತ ಯಾರಿಗೂ ಹೇಳಬ್ಯಾಡ. ಬಾಣಂತಿ ತಿನ್ನೂದು, ದಿಷ್ಟಿ ಆಗ್ತದ" ಎಂದಳು. ನನಗೆ ಅದನ್ನು ಹೇಳಬೇಕಾಗಿಯೇ ಇರಲಿಲ್ಲ. ಗುರುತಿಲ್ಲದವರ ಜೊತೆ ಮಾತು ಬೆಳೆಸುವವಳು ನಾನಲ್ಲ.

ಹೈದರಾಬಾದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಅಪ್ಪ, "ನಿನ್ನ ವಿಮಾನ ಹಾರಿದ ಮ್ಯಾಲೇ ನಾ ಮನಿಗಿ ಹೋಗಾಂವ" ಎಂದು ಹೊರಗೇ ನಿಂತ. ಕೌಂಟರಿನಲ್ಲಿ ಚೀಲ ತೂಗಿ, ಚೀಟಿ ಅಂಟಿಸಿ, ಬೆಲ್ಟಿನ ಮೇಲೆ ಕಳಿಸಿದರು. ದೊಡ್ಡ ಕೆಲಸ ಮುಗಿಯಿತೆಂದು ಅವ್ವನಿಗೆ ಫೋನ್ ಮಾಡಿ ಕುಳಿತೆ. ಪಕ್ಕದಲ್ಲಿ ಬುರ್ಖಾ ತೊಟ್ಟ, ವಯಸ್ಸಾದ ಹೆಂಗಸೊಬ್ಬರಿದ್ದರು.

"ನಮ್ಮ ಕಡೀದೇ ಮಾತು! ಯಾವೂರವ್ವಾ?"

"ವಾಡಿ."

"ನಮ್ದು ಚಿತ್ತಾಪುರ. ದುಬೈಗಿ, ಮಗಳ ಬಾಣಂತನಕ್ಕ ಹೊಂಟೀನಿ. ನೀ?"

"ನಾನೂ. ಅಕ್ಕಂದು" ಎಂದು ಮೊಬೈಲ್ ನೋಡತೊಡಗಿದೆ.

"ಉಂಡಿ ಕಟ್ಟಿ ಕಳಸ್ಯಾರೇನು ನಿಮ್ಮವ್ವ?"

ನಾನು ಮೊಬೈಲಿನಿಂದ ತಲೆ ಎತ್ತಲಿಲ್ಲ. ಅವರು ಜೋರಾಗಿ ನಕ್ಕರು. "ದಿಷ್ಟಿ ಆಗ್ತದಂತ ಬಾಯಿ ಬಿಡವಲ್ಲಿ, ಹೌದಲ್ಲೋ? ನಮ್ಮ ಮನ್ಯಾಗೂ ಹಂಗೇ. ನಿನ್ನ ಉಂಡಿ ನನಗ ಬ್ಯಾಡ ಬೇಟಿ. ಖಸಖಸಿ ಹಾಕ್ಯಾರೇನು, ಅದೊಂದು ಹೇಳು."

"ಖಸಖಸಿ ಹಾಕದೆ ಹೆಂಗ್ರಿ?" ಎಂದೆ, ತುಸು ಬೇಸರದಿಂದಲೇ.

ಅವರ ನಗು ಅಲ್ಲೇ ನಿಂತಿತು. "ಯಾ ಅಲ್ಲಾ! ಏಳು, ಮೊದಲು ಏಳು. ಅಲ್ಲಿ ಖಸಖಸಿ ಅಂದ್ರ ಅಫೀಮಿನ ಲೆಕ್ಕ. ಸಿಕ್ರ ಜೈಲಿಗಿ ಹಾಕ್ತಾರ. ಹಿಂದಿನ ಸರ್ತಿ ನಾ ಕಟ್ಟಾಕತ್ತಿದ್ದಾಗ ಅಳಿಯ ಫೋನ್‌ನ್ಯಾಗ ಚೀರಿ ಚೀರಿ ಹೇಳ್ಯಾನ."

ನನಗೆ ನಂಬಿಕೆ ಬರಲಿಲ್ಲ. ಮೊಬೈಲಿನಲ್ಲಿ ಹುಡುಕಿದೆ. ನಿಜವಾಗಿತ್ತು. ನಮ್ಮ ಅಡುಗೆಮನೆಯಲ್ಲಿ ಸಾಸಿವೆ ಪಕ್ಕ ಕೂತಿರುವ ಗಸಗಸೆ ಆ ದೇಶದಲ್ಲಿ ಮಾದಕ ವಸ್ತುಗಳ ಸಾಲಿನಲ್ಲಿತ್ತು. ಚೀಲವೋ ಆಗಲೇ ಒಳಗೆ ಹೋಗಿತ್ತು, ಅದರ ಮೇಲೆ ನನ್ನ ಹೆಸರಿತ್ತು. ಇಬ್ಬರೂ ಕೌಂಟರಿನ ಕಡೆ ಓಡಿದೆವು.

ನಾನು ಚೀಲದ ಚೀಟಿಯನ್ನಷ್ಟೇ ಮುಂದೆ ಚಾಚಿದೆ. ಚಿತ್ತಾಪುರದವರೇ ದಖನಿ ಉರ್ದುವಿನಲ್ಲಿ, ಹುಡುಗಿ ಮೊದಲ ಸಲ ಹೋಗುತ್ತಿದ್ದಾಳೆ, ಚೀಲ ವಾಪಸು ತರಿಸಿ ಎಂದು ಪಟ್ಟು ಹಿಡಿದರು. ಕೌಂಟರಿನ ಹುಡುಗಿ ಯಾರ್ಯಾರಿಗೋ ಫೋನ್ ಮಾಡಿದಳು. ಚೀಲ ಬರುವವರೆಗೂ ಅವರು ನನ್ನ ಮೊಣಕೈ ಹಿಡಿದೇ ನಿಂತಿದ್ದರು.

ಎಲ್ಲರ ಎದುರು ನೆಲದ ಮೇಲೆ ಚೀಲ ಬಿಚ್ಚಬೇಕಾಯಿತು. ನನ್ನ ಬಟ್ಟೆಬರೆ ಜನರ ಕಣ್ಣಿಗೆ ಬೀಳುವುದೆಂದರೆ ನನಗೆ ಆಗದು. ಅದು ಅವರಿಗೆ ಹೇಗೆ ತಿಳಿಯಿತೋ, ತಮ್ಮ ಶಾಲನ್ನು ಅಡ್ಡ ಹಿಡಿದು, "ತಗಿ, ಈಗ ಯಾರ ದಿಷ್ಟೀನೂ ಬೀಳಲ್ಲ. ಸೀರೀನೂ ತಗಿ, ಒಂದು ಕಾಳು ಉಳೀಬಾರದು" ಎಂದರು.

ಕಾವಲಿನವರನ್ನು ಕೇಳಿಕೊಂಡು ಬಾಗಿಲಲ್ಲೇ ಡಬ್ಬಿಯನ್ನು ಅಪ್ಪನ ಕೈಗೆ ದಾಟಿಸಿದೆ. ಸಂಗತಿ ಕೇಳಿ ಅಪ್ಪ ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಒತ್ತಿ ಬಿಗಿಮಾಡಿದ. ಆಮೇಲೆ, "ಮನ್ಯಾಗ ಒಂದುಂಡಿ ಮುಟ್ಟಗೊಡಲಿಲ್ಲ ನಿಮ್ಮವ್ವ. ಈಗ ಡಬ್ಬೀನೇ ನಂದಾತು" ಎಂದ.

ದುಬೈಯಲ್ಲಿ ನನ್ನ ಚೀಲವನ್ನು ಯಾರೂ ತಡೆಯಲಿಲ್ಲ. ಹೊರಗೆ ಬಂದ ಮೇಲೆ, ಅದೇ ವಿಮಾನದಲ್ಲಿ ಬಂದಿದ್ದ ಚಿತ್ತಾಪುರದವರು ತಮ್ಮ ಡಬ್ಬಿ ತೆರೆದು ನಾಲ್ಕಾರು ಉಂಡಿ ಕಟ್ಟಿಕೊಟ್ಟರು. "ಅಲ್ಲೇ ಕೊಟ್ಟಿದ್ರ ನೀ ತಗೋತಿದ್ದಿಲ್ಲ, ಗುರ್ತಿಲ್ಲದವರ ಸಾಮಾನಂತ. ಈಗ ತಗೋ. ಖಸಖಸಿ ಇಲ್ಲ." ಅಷ್ಟರಲ್ಲಿ ಅವರ ಅಳಿಯ ಬಂದ. ಗದ್ದಲದಲ್ಲಿ ಅವರು ಹೊರಟೇ ಹೋದರು.

ಮನೆ ಮುಟ್ಟಿದ ಮೇಲೆ ಅಕ್ಕ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಅವ್ವ ಖಸಖಸಿ ಮರತಾಳೇನು?" ಎಂದಳು. ನಾನು ನಕ್ಕ ಜೋರಿಗೆ ಮಗು ಎದ್ದು ಅಳತೊಡಗಿತು.

ಈಗಲೂ ನಾನು ಮಾತು ಕಡಿಮೆ. ಆದರೆ ಪಕ್ಕದಲ್ಲಿ ಕೂತವರು "ಯಾವೂರವ್ವಾ?" ಎಂದರೆ ಮೊಬೈಲ್ ಕೆಳಗಿಡುತ್ತೇನೆ. ನನ್ನ ಬಿಗಿದ ಮುಖ ನೋಡಿ ಆವತ್ತು ಅವರು ಸುಮ್ಮನಾಗಿದ್ದರೆ ಎಂದು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಅವರು ನನ್ನನ್ನು ಅಷ್ಟೆಲ್ಲ ಕೇಳಿದರು, ನಾನು ಅವರ ಹೆಸರನ್ನೂ ಕೇಳಿರಲಿಲ್ಲ. ರೈಲು ಚಿತ್ತಾಪುರದಲ್ಲಿ ನಿಂತಾಗಲೆಲ್ಲ ಕಿಟಕಿಯಿಂದ ಪ್ಲಾಟ್‌ಫಾರ್ಮಿನ ಮುಖಗಳನ್ನು ನೋಡುತ್ತೇನೆ.