ಪುಟ್ಟಲಿಂಗಮ್ಮನ ಮೂರು ಕಾಲಿನ ಕ್ಯಾಮೆರಾ

ಪುಟ್ಟಲಿಂಗಮ್ಮನವರಿಗೆ ಒಂದು ರೂಪಾಯಿ ಎಸೆದು ಹೋದವರಲ್ಲಿ ನಾನೂ ಒಬ್ಬ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

2006ನೇ ಇಸವಿ. ಮೈಸೂರಿನ ರಾಮಕೃಷ್ಣನಗರದಿಂದ ಕಡಕೊಳದ ಫ್ಯಾಕ್ಟರಿಗೆ ದಿನಾ ಸ್ಕೂಟರಿನಲ್ಲಿ ಹೋಗುತ್ತಿದ್ದೆ, ದಿನಾ ಐದು ನಿಮಿಷ ತಡವಾಗಿ. ನಂಜನಗೂಡು ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಅಲ್ಲೊಬ್ಬ ಹೆಂಗಸು, ಹಣೆ ತುಂಬ ಕುಂಕುಮ, ಕಾವಿ ಬಟ್ಟೆ ಚಾಚಿಕೊಂಡು "ಸ್ವಾಮೀ, ಸ್ವಾಮೀ" ಅನ್ನುತ್ತಿದ್ದರು. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತವರು ಹೀಗೆ ಭಿಕ್ಷೆ ಎತ್ತುವುದು ನಮ್ಮ ಕಡೆ ವಾಡಿಕೆ. ನಾವು ರೂಪಾಯಿ ಎಸೆದು, ಕೆನ್ನೆ ಮುಟ್ಟಿಕೊಂಡು, ವೇಗ ಒಂದಿಷ್ಟೂ ತಗ್ಗಿಸದೆ ಹೋಗಿಬಿಡುತ್ತಿದ್ದೆವು. ಮಹಾ ಪುಣ್ಯವಂತರು ನಾವು.

ಅದು ಕಾವಿ ಬಟ್ಟೆಯೇ ಅಲ್ಲ. ಕಂಟ್ರಾಕ್ಟರು ಕೊಟ್ಟ ಕೆಂಪು ಬಾವುಟ, ಮೂರು ತಿಂಗಳ ಬಿಸಿಲಿಗೂ ಧೂಳಿಗೂ ಬಣ್ಣಗೆಟ್ಟಿತ್ತು. ಅವರು ಹೇಳುತ್ತಿದ್ದದ್ದು "ಸ್ವಾಮೀ, ನಿಧಾನ" ಎಂದು. ಎರಡನೆಯ ಮಾತು ಬಾಯಿಂದ ಬರುವಷ್ಟರಲ್ಲಿ ನಾವು ಅಲ್ಲಿರುತ್ತಿರಲಿಲ್ಲ. ನೂರು ಹೆಜ್ಜೆ ಆಚೆ, ಮೋರಿಗೆಂದು ಅಗೆದ ಗುಂಡಿಯಲ್ಲಿ ಎಂಟು ಜನ ಕೆಲಸ ಮಾಡುತ್ತಿದ್ದರು. ಪುಟ್ಟಲಿಂಗಮ್ಮನ ಗಂಡ ಮೂಗಯ್ಯನವರೂ ಅವರಲ್ಲೊಬ್ಬರು.

ತೊಂಬತ್ತೆರಡರಲ್ಲಿ ಮದುವೆಯಾಗಿ ಮೈಸೂರಿಗೆ ಬಂದಾಗಿನಿಂದ ಆಕೆ ಜಲ್ಲಿ ಹೊತ್ತವರು. ಮೊಣಕಾಲು ಹಿಡಿದುಕೊಂಡ ಮೇಲೆ, ಸುಲಭದ ಕೆಲಸವೆಂದು ಬಾವುಟ ಕೊಟ್ಟಿದ್ದರಂತೆ.

ಒಂದು ಬೆಳಿಗ್ಗೆ, ನಾಣ್ಯ ಎಸೆದ ಕಾರೊಂದು ಅದೇ ಓಟದಲ್ಲಿ ಹೋಗಿ, ಗುಂಡಿಯ ಅಂಚಿನಲ್ಲಿದ್ದ ಕೂಲಿಯಾಳು ಬೆಟ್ಟಯ್ಯನಿಗೆ ಗುದ್ದಿತು. ಕಾಲು ಮುರಿಯಿತು. ರಸ್ತೆ ಬಂದ್ ಆಗಿ ಅಲ್ಲೇ ಒಂದು ಗಂಟೆ ನಿಂತಾಗ ನನಗೆ ಇದೆಲ್ಲ ತಿಳಿದದ್ದು. ಆಮೇಲೆ ನಾನು ಅಲ್ಲಿ ಸ್ಕೂಟರ್ ನಿಲ್ಲಿಸಿ ಅವರನ್ನು ಮಾತಾಡಿಸಿ ಹೋಗತೊಡಗಿದೆ.

ಮುಂದಿನ ವಾರ ಪೊಲೀಸರು ಬಂದು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ವೇಗ ಅಳೆಯುವ ಕ್ಯಾಮೆರಾ ಇಟ್ಟರು. ಏನು ಶಿಸ್ತು ಅಂತೀರಿ, ಲಾರಿಗಳೂ ಬಸುರಿಯ ಹಾಗೆ ಹೆಜ್ಜೆ ಇಟ್ಟವು. ಎರಡು ದಿನಕ್ಕೆ ಕ್ಯಾಮೆರಾ ಹೇರಿಕೊಂಡು ಪೊಲೀಸರ ಜೀಪು ಹೊರಟಿತು. ಪುಟ್ಟಲಿಂಗಮ್ಮ ಅಡ್ಡ ನಿಂತರು.

"ಸಾಹೇಬ್ರೇ, ನೀವು ಬೇಕಾದ್ರೆ ಹೋಗಿ. ಅದೊಂದನ್ನ ಬುಟ್ಟೋಗಿ."

"ಅದಕ್ಕೆ ಲಕ್ಷಗಟ್ಲೆ ಆಗ್ತದೆ ಕಣಮ್ಮ," ಎಂದು ಇನ್ಸ್‌ಪೆಕ್ಟರು ನಕ್ಕುಬಿಟ್ಟರು.

ಆದರೆ ಆ ಎರಡು ದಿನ ಈಕೆ ಸುಮ್ಮನೆ ನಿಂತಿರಲಿಲ್ಲ. ದೂರದಿಂದ ಬರುವವನಿಗೆ ಕ್ಯಾಮೆರಾ ಕಾಣುವುದೇ ಇಲ್ಲ, ಮೂರು ಕಾಲು ಕಂಡೇ ಬ್ರೇಕ್ ಒತ್ತುತ್ತಾನೆ ಎಂಬುದನ್ನು ನೋಡಿಟ್ಟುಕೊಂಡಿದ್ದರು. ರಸ್ತೆಯ ಮಟ್ಟ ನೋಡುವ ಉಪಕರಣಕ್ಕೂ ಅಂಥದೇ ಸ್ಟ್ಯಾಂಡಿರುತ್ತದೆ. ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಒಂದನ್ನು ಹೊತ್ತು ತಂದು, ಮೇಲೆ ತಮ್ಮ ಊಟದ ಡಬ್ಬಿ ಇಟ್ಟು, ಕಪ್ಪು ಪ್ಲಾಸ್ಟಿಕ್ ಹೊದಿಸಿದರು. ಎಲ್ಲರೂ ನಿಧಾನವಾದರು. ಒಳಗಿರುವುದು ಮುದ್ದೆ ಎಂದು ಗೊತ್ತಿದ್ದ ನಾನೂ ಬ್ರೇಕ್ ಒತ್ತುತ್ತಿದ್ದೆ.

ಹದಿನೈದು ದಿನ ಹೀಗೆ ನಡೆಯಿತು. ಆಮೇಲೆ ಯಾರೋ ಒಬ್ಬರು ಕಾರಿಳಿದು ಪ್ಲಾಸ್ಟಿಕ್ ಎತ್ತಿ ನೋಡಿ, ಇದು ಮೋಸ ಎಂದು ಸೂಪರ್‌ವೈಸರ್ ವೃಷಭೇಂದ್ರಪ್ಪನವರಿಗೆ ದೂರು ಕೊಟ್ಟರು. ವೃಷಭೇಂದ್ರಪ್ಪ ಬಂದಾಗ ನಾನು ಅಲ್ಲೇ ಇದ್ದೆ.

"ತೆಗಿಯಮ್ಮ ಅದನ್ನ. ನಾಳೆ ನನ್ನ ತಲೆಗೆ ಬರ್ತದೆ. ಬಾವುಟ ಇದ್ಯಲ್ಲ, ಸಾಕು."

"ತೆಗಿತೀನಿ ಸಾರ್. ಅರ್ಧ ಗಂಟೆ ನೀವು ಬಾವುಟ ಹಿಡ್ಕಂಡು ನಿಂತ್ಕಳಿ. ಸಾಕು ಅನ್ಸುದ್ರೆ ನಾನೇ ಹೊತ್ಕಂಡೋಗಿ ಶೆಡ್‌ಗೆ ಹಾಕ್ತೀನಿ."

ಸುತ್ತ ಸೇರಿದ್ದ ಅಷ್ಟು ಜನರ ಮುಂದೆ ಅವರು ಇಲ್ಲ ಎನ್ನುವಂತಿರಲಿಲ್ಲ. ಪುಟ್ಟಲಿಂಗಮ್ಮ ಸ್ಟ್ಯಾಂಡ್ ಮಡಚಿ ಪಕ್ಕಕ್ಕಿಟ್ಟರು. ವೃಷಭೇಂದ್ರಪ್ಪ ಬಾವುಟ ಹಿಡಿದು ನಿಂತರು. ಎರಡು ಬಸ್ಸು ಅವರನ್ನು ನೋಡಿಯೂ ನೋಡದಂತೆ ಹೋದವು. ಒಬ್ಬ ಪುಣ್ಯಾತ್ಮ ಅವರಿಗೂ ಒಂದು ರೂಪಾಯಿ ಎಸೆದ. ನನಗೆ ನಗು ಬಂತು, ಆದರೆ ನಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಬಿಳಿ ಕಾರೊಂದು ನೇರ ಅವರ ಮೇಲೆಯೇ ಬಂತು. ಬಾವುಟ ಬಿಸಾಡಿ ರಸ್ತೆಯ ಪಕ್ಕಕ್ಕೆ ಹಾರಿ ಬಿದ್ದರು. ಕಾರು ಗುಂಡಿಯ ಅಂಚನ್ನು ಒಂದು ಗೇಣಿನಲ್ಲಿ ತಪ್ಪಿಸಿಕೊಂಡು ಹೋಯಿತು. ಗುಂಡಿಯೊಳಗಿದ್ದವರು ತಲೆ ತಗ್ಗಿಸಿ ಮಣ್ಣಿನ ಗೋಡೆಗೆ ಅಂಟಿಕೊಂಡಿದ್ದರು.

ಪುಟ್ಟಲಿಂಗಮ್ಮ ಕೈಕೊಟ್ಟು ಅವರನ್ನು ಎಬ್ಬಿಸಿದರು. ದನಿ ಏರಿಸಲಿಲ್ಲ.

"ನೀವೇನೋ ಹಾರ್ಕಂಡ್ರಿ ಸಾರ್. ಗುಂಡಿ ಒಳಗಿರೋರು ಎಲ್ಲಿಗೆ ಹಾರ್ಬೇಕು?"

ವೃಷಭೇಂದ್ರಪ್ಪ ಸ್ಟ್ಯಾಂಡನ್ನು ತಾವೇ ಎತ್ತಿ ತಂದು ನಿಲ್ಲಿಸಿ, ಮೂರು ಕಾಲನ್ನೂ ಒಂದೊಂದಾಗಿ ಮಣ್ಣಿಗೆ ಒತ್ತಿದರು.