ಮೊದಲನೇ "ಬರ್ತೇವಿ"

ನಮ್ಮ ಕಡೆ ಮೊದಲ ಸಲ "ಬರ್ತೇವಿ" ಅಂತ ಏಳುವುದು ಹೊರಡಲಿಕ್ಕಲ್ಲ. ಮನೆಯವರು "ಅಯ್ಯ, ಏನ್ ಗಡಿಬಿಡಿ, ಕುಂಡ್ರಿ" ಅಂತ ಕೈ ಹಿಡಿದು ಜಗ್ಗಬೇಕು, ನಾವು ಕೂಡಬೇಕು, ಚಹಾ ಬರಬೇಕು. ಎರಡನೇ ಸಲ ಎದ್ದರೆ ಬಾಗಿಲಲ್ಲೇ ಅರ್ಧ ತಾಸು ಮಾತು. ಮೂರನೇ ಸಲಕ್ಕೆ ಹೆಣ್ಣುಮಕ್ಕಳ ಹಣೆಗೆ ಕುಂಕುಮ. ಅದು ಹತ್ತಿತೆಂದರೆ ಮುಗಿಯಿತು, ಮತ್ತೆ ಕೂಡುವಂತಿಲ್ಲ. ಬನಹಟ್ಟಿಯಲ್ಲಿ ಮನೆಯೊಳಗೇ ಮಗ್ಗ ಇಟ್ಟುಕೊಂಡಿರುವ ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಇದರಲ್ಲಿ ಎತ್ತಿದ ಕೈ. ಅವಳ ಮನೆಯಿಂದ ಅಂದುಕೊಂಡ ಬಸ್ಸಿಗೆ ಹೋದವರನ್ನು ನಾನಂತೂ ಕಂಡಿಲ್ಲ.

ಹೋದ ವರ್ಷ ಅವಳು ಹಾಗೆ ನಮ್ಮನ್ನು ಹಿಡಿದಿಟ್ಟುಕೊಂಡ ಸಂಜೆಯೇ ನಮ್ಮೂರು ಸಾವಳಗಿಯಲ್ಲಿ ಅಪ್ಪ ಎದೆನೋವು ಬಂದು ತೀರಿಕೊಂಡ. ಮನೆಯಲ್ಲಿ ಒಬ್ಬನೇ ಇದ್ದ. ನೆರೆಮನೆಯವರ ಫೋನ್ ಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಅವ್ವ ತನ್ನ ಅಕ್ಕನಿಗೆ ಒಂದು ಮಾತೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ, ಆದರೆ ಹೊಟ್ಟೆಯೊಳಗೆ ಉರಿ ಇತ್ತು. ವರ್ಷದಿಂದ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಈ ಸಲ ದೊಡ್ಡವ್ವನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವಾಗ ಅವ್ವನೇ "ಹೋಗೂಣು ನಡಿ, ತವರು ಅಂತ ನನಗ ಉಳದಾಕಿ ಆಕಿ ಒಬ್ಬಾಕಿನ" ಅಂದಳು. ಹಿಂದಿನ ದಿನವೇ ಹೋದೆವು.

ಕಾರ್ಯ ಮುಗಿದು ಊಟವಾದ ಮೇಲೆ ಅವ್ವ ರೂಢಿಯಂತೆ ಎದ್ದು "ಬರ್ತೇವಿ ಅಕ್ಕಾ" ಅಂದಳು. ಚೀಲ ಇನ್ನೂ ತುಂಬಿರಲಿಲ್ಲ. ಒಗೆದ ಸೀರೆಗಳು ಹಿತ್ತಲಿನ ಹಗ್ಗದ ಮೇಲೆ ಹಸಿಯಾಗಿಯೇ ಇದ್ದವು.

"ಆತು, ಹೋಗಿ ಬರ್ರಿ," ಅಂದಳು ದೊಡ್ಡವ್ವ. ಕುಂಕುಮದ ಬಟ್ಟಲು ಆಗಲೇ ಅವಳ ಕೈಯಲ್ಲಿತ್ತು!

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ನಂಬುವಷ್ಟರಲ್ಲಿ ನನ್ನ ಹಣೆಗೆ ಹಚ್ಚಿಯೂ ಬಿಟ್ಟಳು. ಅವ್ವನ ಮುಖ ಸಂತೆಯಲ್ಲಿ ಕೈ ತಪ್ಪಿದ ಕೂಸಿನ ಹಾಗಾಗಿತ್ತು. ಹಸಿ ಸೀರೆಗಳನ್ನೇ ತಂದು ಚೀಲಕ್ಕೆ ತುರುಕುತ್ತ ನನಗೆ ತಡೆಯಲಾಗಲಿಲ್ಲ.

"ಏನ್ ದೊಡ್ಡವ್ವಾ, ನಮ್ಮವ್ವ ಅಷ್ಟ ಬ್ಯಾಡಾದ್ಳೇನ ನಿನಗ? ಕುಂಡ್ರ ಅಂತ ಒಂದ್ ಮಾತರೆ ಅನ್ನಬಾರದ?"

ಅವಳು ಬಟ್ಟಲು ಕೆಳಗಿಟ್ಟು ಸೆರಗು ಬಾಯಿಗೊತ್ತಿಕೊಂಡಳು. "ಹೆಂಗ ಅನ್ಲಿ ಯವ್ವಾ? ಅವತ್ತ ನಿಮ್ಮವ್ವ ಹೊಂಟ ನಿಂತಾಗ ಆಕಿ ಚಪ್ಪಲಿ ಮುಚ್ಚಿಟ್ಟಾಕಿ ನಾನ. ನೂಲಿನ ಚೀಲದ ಹಿಂದ ಇಟ್ಟಿದ್ನಿ. ಇಡಲಿಲ್ಲಂದ್ರ ನೀವು ಐದರ ಬಸ್ಸಿಗೆ ಹೋಗತಿದ್ರಿ, ನಿಮ್ಮಪ್ಪ ಉಳೀತಿದ್ದ. ಅವತ್ತಿಂದ ಯಾರಿಗೂ ಕುಂಡ್ರ ಅಂದಿಲ್ಲ ನಾ."

ವರ್ಷವಿಡೀ ನಾನು ಮನಸ್ಸಿನಲ್ಲೇ ಅವಳಿಗೆ ಬೈದ ಬೈಗುಳವೂ ಅದೇ, ಅವಳು ಹಿಡಿಯದಿದ್ದರೆ ಅಪ್ಪ ಉಳಿಯುತ್ತಿದ್ದ ಅಂತ.

ಅವ್ವ ನನ್ನ ಕೈಯಿಂದ ಚೀಲ ಕಸಿದು ನೆಲಕ್ಕಿಟ್ಟಳು. "ಚಪ್ಪಲಿ ನನಗ ಕಾಣಾಕತ್ತಿದ್ವು ಅಕ್ಕಾ," ಅಂದಳು. "ಅವತ್ತ ಮುಂಜಾನಿ ಅವರ ಜೋಡಿ ಜಗಳಾಡಿ ಬಂದಿದ್ನಿ. ಒಂದ್ ರಾತ್ರಿ ಮನ್ಯಾಗ ಒಬ್ಬರ ಇರ್ಲಿ, ಗೊತ್ತಾಗ್ಲಿ ಅಂತ ಹುಡುಕಿದಂಗ ಮಾಡಿ ಕುಂತೆ."

ಆ ಸಂಜೆ ಮಗ್ಗದ ಸಂದಿಯಲ್ಲಿ, ಮಂಚದ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದ ಅವ್ವನ ಹಿಂದೆ ನಾನೂ ನಗುತ್ತ ಹುಡುಕಿದ್ದೆ.

"ಆಕಿಗ್ಯಾಕ ಬೈತಿ?" ಅವ್ವ ನನ್ನ ಕಡೆ ತಿರುಗಿದಳು. "ಬೈಯೂದಿದ್ರ ನನಗ ಬೈ."

ದೊಡ್ಡವ್ವ ತಂಗಿಯನ್ನು ಎಳೆದು ತಬ್ಬಿಕೊಂಡಳು. ಅಪ್ಪ ಸತ್ತ ದಿನವೂ ಅವ್ವ ಹಾಗೆ ಅತ್ತಿರಲಿಲ್ಲ.