ಬಾವಿಗೆ ಇಳಿಸಿದ ಹಗ್ಗ

ಭೂಮಿಗೆ ತೂತು ಹೊಡೆಯುವುದರಲ್ಲಿ ಕಕ್ಕಿಂಜೆಯ ಅಬ್ದುಲ್ ರವೂಫ್‌ನನ್ನು ಮೀರಿಸುವವರಿಲ್ಲ. ಮೊದಲು ಬೆಳ್ತಂಗಡಿ ಸುತ್ತಮುತ್ತ ಬೋರ್‌ವೆಲ್ ಲಾರಿ, ಆಮೇಲೆ ಗಲ್ಫಿನ ಎಣ್ಣೆ ಬಾವಿ, ಈಗ ಯುರೋಪಿನ ಒಂದು ಮೂಲೆಯಲ್ಲಿ ಶೇಲ್ ಗ್ಯಾಸು. ಆ ಊರಿನ ಹೆಸರು ನಮ್ಮ ನಾಲಗೆಗೆ ಹೊರಳುವುದಿಲ್ಲ, ಬಿಡಿ. ನೆಲದಡಿ ಮೂರು ಕಿಲೋಮೀಟರ್ ಆಳದ ಕಲ್ಲಿನ ಪದರದಲ್ಲಿ ಗ್ಯಾಸು ಸಿಕ್ಕಿಕೊಂಡಿರುತ್ತದಂತೆ; ಭಾರೀ ಒತ್ತಡದಲ್ಲಿ ನೀರು ನುಗ್ಗಿಸಿ ಕಲ್ಲನ್ನು ಬಿರುಕು ಬಿಡಿಸಿದರೆ ಮೇಲೆ ಬರುತ್ತದಂತೆ.

ಗ್ಯಾಸೇನೋ ಇತ್ತು, ಅಪ್ಪಣೆ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ನೀರಿನ ಇಲಾಖೆ ಒಪ್ಪಿದರೆ ಪರಿಸರ ಇಲಾಖೆ ಒಪ್ಪದು. ಎರಡೂ ಒಪ್ಪುವಷ್ಟರಲ್ಲಿ ಸರಕಾರ ಬದಲಾಗಿ ಕಾನೂನೇ ಬೇರೆ. ಎರಡು ವರ್ಷ ಕೊರೆಯುವ ಯಂತ್ರ, ಅಂದರೆ ರಿಗ್ಗು, ಸುಮ್ಮನೆ ನಿಂತಿತು. ಕಡೆಗೆ ಉಳಿದದ್ದು ಹಳ್ಳಿಯವರ ಅಹವಾಲು ಸಭೆಯೊಂದೇ. ಅಲ್ಲೂ ಆಗದಿದ್ದರೆ ಕಂಪೆನಿ ಬಾಗಿಲು ಹಾಕುತ್ತದೆ, ನಲವತ್ತು ಜನರ ಕೆಲಸ ಹೋಗುತ್ತದೆ. ರವೂಫ್‌ಗೆ ನಲವತ್ತೆಂಟು. ಈ ಪ್ರಾಯದಲ್ಲಿ ಹೊಸ ಕೆಲಸ ಕೊಡುವ ಪುಣ್ಯಾತ್ಮ ಯಾರು?

"ಆಗದಿದ್ದರೆ ಬನ್ನಿ, ಇಲ್ಲಿ ಗಂಜಿ ಉಂಟು" ಎಂದು ಹೆಂಡತಿ ಝೈನಬ್ ಫೋನಿನಲ್ಲಿ ಹೇಳಿದಳು. ಮಗಳು ಜಸೀಲಾ ಮೂಡುಬಿದಿರೆಯಲ್ಲಿ ಓದುತ್ತಿದ್ದಾಳೆ; ಬರೀ ಗಂಜಿಯಲ್ಲಿ ಮುಗಿಯುತ್ತದೆಯೇ?

ಸಭೆಯಲ್ಲಿ ಕಂಪೆನಿಯ ವಕೀಲ ಬಣ್ಣಬಣ್ಣದ ಚಿತ್ರ ತೋರಿಸಿದ. ಒಬ್ಬ ಮುದುಕಿ ಎದ್ದು ದುಭಾಷಿಯ ಮೂಲಕ ಕೇಳಿದಳು: "ನಾಳೆ ನನ್ನ ಬಾವಿ ಕೆಟ್ಟರೆ, ಕೆಡಿಸಿದ್ದು ನೀವೇ ಅಂತ ನಾನು ಹೇಗೆ ತೋರಿಸಲಿ?"

ವಕೀಲ ಮತ್ತೊಂದು ಚಿತ್ರ ಹುಡುಕತೊಡಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ಹಿಂದಿನ ಸಾಲಿನಲ್ಲಿದ್ದ ರವೂಫ್‌ನ ಪಾಡು. ಅವನಿಗೆ ನೆರಿಯದ ಜಲಜಾಕ್ಷಿಯ ನೆನಪಾಯಿತು.

ಬೋರ್‌ವೆಲ್ ದಿನಗಳಲ್ಲಿ ಅವನ ಲಾರಿಯದ್ದೊಂದು ಕ್ರಮವಿತ್ತು. ಕೊರೆಯುವ ಮೊದಲು ನೆರೆಮನೆಯ ಬಾವಿಗೆ ಕಲ್ಲು ಕಟ್ಟಿದ ಹಗ್ಗ ಇಳಿಸುವುದು. ಕಲ್ಲು ನೀರಿಗೆ ತಾಗಿದೊಡನೆ, ಎರಡೂ ಮನೆಯವರ ಎದುರು, ಕಟ್ಟೆಯ ಮಟ್ಟಕ್ಕೆ ಒಂದು ಗಂಟು. ಮುಂದೆ ತಕರಾರು ಬಂದರೆ ಹಗ್ಗವೇ ಸಾಕ್ಷಿ. ನೆರಿಯದಲ್ಲಿ ಒಂದು ದಿನ ಜಲಜಕ್ಕನ ಪಕ್ಕದ ಮನೆಗೆ ಗಡಿಬಿಡಿಯಲ್ಲಿ ಅಳೆಯದೆ ಬೋರು ಕೊರೆದ. ಮೂರೇ ತಿಂಗಳಲ್ಲಿ ಜಲಜಕ್ಕನ ಬಾವಿ ಬತ್ತಿತು. "ಬೇಸಿಗೆಯಲ್ವಾ ಅಕ್ಕ, ಎಲ್ಲರದ್ದೂ ಬತ್ತುತ್ತದೆ" ಎಂದು ಜಾರಿಕೊಂಡಿದ್ದ. "ಅಳೆದಿದ್ದರೆ ಗೊತ್ತಾಗ್ತಿತ್ತು" ಎಂದರಷ್ಟೇ ಅವರು. ಚೆನ್ನಾಗಿ ಬೈದಿದ್ದರೆ ಮರೆತಾದರೂ ಬಿಡುತ್ತಿದ್ದ.

ರವೂಫ್ ಎದ್ದು ನಿಂತ. ಮ್ಯಾನೇಜರ್ ಕಣ್ಣು ಕೆಂಪು ಮಾಡಿದ. ಮಾಡಲಿ! ತನ್ನ ಗಲ್ಫ್ ಇಂಗ್ಲಿಷಿನಲ್ಲಿ ನೆರಿಯದ ಕಥೆಯನ್ನು ತಪ್ಪು ತನ್ನದೇ ಎಂದು ಸೇರಿಸಿಯೇ ಹೇಳಿದ. ದುಭಾಷಿ ಅದನ್ನು ಹಳ್ಳಿಯವರಿಗೆ ದಾಟಿಸಿದ. "ಕೊರೆಯುವ ಮೊದಲು ಪ್ರತಿ ಬಾವಿಯನ್ನೂ ಅಳೆಯುವ. ನೀರನ್ನು ಪರೀಕ್ಷೆ ಮಾಡಿಸುವ. ಅದೇ ನೀರಿನ ಸೀಲು ಹಾಕಿದ ಒಂದು ಬಾಟಲಿ ನಿಮ್ಮ ಮನೆಯಲ್ಲೇ ಇರಲಿ" ಎಂದು ರವೂಫ್ ಮುಗಿಸಿದ.

ಕಂಪೆನಿಯ ಫೈಲನ್ನು ಮೂರು ಸಲ ವಾಪಸು ಮಾಡಿ, ಈಗ ಸಭೆಯಲ್ಲಿ ಕೂತಿದ್ದ ಅಧಿಕಾರಿ ಪೆನ್ನು ತೆಗೆದು ಅದನ್ನು ಬರೆದುಕೊಂಡ. ಎರಡು ತಿಂಗಳಲ್ಲಿ, ಅದೇ ಷರತ್ತಿನ ಮೇಲೆ, ಒಂದೇ ಒಂದು ಪ್ರಯೋಗದ ಗ್ಯಾಸು ಬಾವಿಗೆ ಅಪ್ಪಣೆ ಬಂತು. ಒಂದಾದರೆ ಒಂದು, ರಿಗ್ಗು ತಿರುಗಿತಲ್ಲ! ಮೊದಲು ಅಳೆದದ್ದು ಆ ಮುದುಕಿಯ ಬಾವಿಯನ್ನು.

ರಜೆಗೆ ಊರಿಗೆ ಬಂದವನು ಎರಡನೇ ದಿನವೇ ನೆರಿಯಕ್ಕೆ ಹೋದ. ಆ ಹಳೆಯ ಬೋರು ಯಾವಾಗಲೋ ಕೆಟ್ಟು ಮುಚ್ಚಿತ್ತು, ಜಲಜಕ್ಕನ ಬಾವಿಗೆ ನೀರು ಮರಳಿತ್ತು. ಅವರು ಅಂಗಳ ಗುಡಿಸುತ್ತಿದ್ದರು.

"ಜಲಜಕ್ಕ, ಅಂದು ಅಳೆಯದೆ ಕೊರೆದದ್ದು ನನ್ನದೇ ತಪ್ಪು."

ಅವರು ಹಿಡಿಸೂಡಿ ಕೆಳಗಿಟ್ಟರು. "ಇದನ್ನು ಹೇಳ್ಲಿಕ್ಕೆ ಹನ್ನೆರಡು ವರ್ಷ ಬೇಕಾಯ್ತಾ ಮಾರಾಯ?"

ನಾಚಿಕೆಯಿಂದ ರವೂಫ್‌ನ ಕಣ್ಣು ತುಂಬಿತು.

"ಅಳುವುದು ಆಮೇಲೆ. ನಾಡಿದ್ದು ಪಕ್ಕದ ಮನೆಯ ಶಿಶಿರ್ ಹೊಸ ಬೋರು ಕೊರೆಸ್ತಾನೆ" ಎಂದು ಅವರು ಒಳಗಿಂದ ಹಗ್ಗ ತಂದು ಅವನ ಕೈಗೆ ಕೊಟ್ಟರು. ಬೇಲಿಯಾಚೆ ಕೂಗಿದರು: "ಶಿಶಿರಾ, ಬಾ ಇಲ್ಲಿ! ಗಂಟು ಹಾಕುವಾಗ ನೀನೂ ಇರಬೇಕು."

ಶಿಶಿರ್ ಬಂದ ಮೇಲೆ ರವೂಫ್ ಕಲ್ಲು ಕಟ್ಟಿ ಹಗ್ಗ ಇಳಿಸಿದ, ಇಬ್ಬರ ಎದುರೂ ಗಂಟು ಹಾಕಿದ. ಜಲಜಕ್ಕ ಅದನ್ನು ಎರಡು ಸಲ ಎಳೆದು ನೋಡಿ, ಚಾ ಮಾಡಲು ಒಳಗೆ ಹೋದರು.